ಮಾದಪ್ಪನ ಸೀಮೆಯ ಆರ್‌ಸಿಬಿ ಭಕ್ತರು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಆರ್‌ಸಿಬಿ ಅಭಿಮಾನಿಗೆ ದೇವರು ಮೂವರು: ಬೆಟ್ಟದ ಮೇಲೆ ಮಾದಪ್ಪ ಮತ್ತು ಬಿಳಿಗಿರಿರಂಗ, ಟಿ.ವಿ.ಯೊಳಗೆ ಕೊಹ್ಲಿ. ಮೊದಲಿಬ್ಬರಿಗೆ ಹರಕೆ ಹೊರುವುದೇ ಮೂರನೆಯವನಿಗೆ ಕಪ್ ಸಿಗಲೆಂದು.

2008ರಲ್ಲಿ ಹುಟ್ಟಿದ ತಂಡ 2009, 2011, 2016ರ ಫೈನಲ್‌ಗಳಲ್ಲಿ ಸೋತಿತು. 2013ರಲ್ಲಿ ಪುಣೆ ವಿರುದ್ಧ 263 ಚಚ್ಚಿದ್ದೂ, 2017ರಲ್ಲಿ ಕೋಲ್ಕತ್ತ ಎದುರು 49ಕ್ಕೆ ಮುದುಡಿದ್ದೂ ಏಪ್ರಿಲ್ 23ರಂದೇ. ಅಭಿಮಾನಿಯ ಪಂಚಾಂಗದಲ್ಲಿ ಮೊದಲನೆಯದು ಮಾತ್ರ ದಾಖಲಾಗಿದೆ.

ಚೆನ್ನೈ ಎದುರಿನ ಪಂದ್ಯವೆಂದರೆ ಇಲ್ಲಿ ಇತಿಹಾಸವೂ ಮೈದಾನಕ್ಕಿಳಿಯುತ್ತದೆ. 1956ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಯಳಂದೂರು ಮೈಸೂರಿನದು. ಹಾಗಾಗಿ ಧೋನಿ ಪರ ಕೂಗಿದ ಕೊಳ್ಳೇಗಾಲದವನನ್ನು ಯಳಂದೂರಿನ ಭಾವ ‘ನಿಮ್ದು ಹಳೇ ಋಣ ಬುಡು ಬಾವ’ ಎಂದು ಕೆಣಕಿದರೆ ಅದಕ್ಕೆ ಸರ್ಕಾರಿ ದಾಖಲೆಯ ಬಲವಿದೆ.

‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ಮೊದಲು ನಿಜ ಮಾಡಿದವರು 2024ರಲ್ಲಿ ಮಹಿಳಾ ತಂಡದವರು. ಗಂಡಸರ ಸರದಿ ಬಂದದ್ದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ, ಪಂಜಾಬ್ ವಿರುದ್ಧ 6 ರನ್ನುಗಳಿಂದ. 2009ರಲ್ಲಿ ಸೋತದ್ದೂ ಸರಿಯಾಗಿ 6 ರನ್ನಿಗೇ. ಅಸಲು ತೀರಿತು, ಬಡ್ಡಿ ಇನ್ನೂ ಬಾಕಿ.