ಗೊರಟು ಯಾರಿಗೆ?

ಒಂದು ಮಾವಿನಹಣ್ಣಿಗೆ ಎರಡು ಕೆನ್ನೆ, ಒಂದೇ ಗೊರಟು. ಎರಡು ಗಂಡುಮಕ್ಕಳಿರುವ ಮನೆಗಳ ಕಡೆ ದೇವರು ಒಮ್ಮೆ ತಿರುಗಿ ನೋಡಿದ್ದಿದ್ದರೆ ಗೊರಟನ್ನೂ ಎರಡು ಮಾಡಿರುತ್ತಿದ್ದ. ಕೆನ್ನೆಗಳದ್ದೇನೂ ತಕರಾರಿಲ್ಲ. ಒಬ್ಬ ಗೆರೆ ಎಳೆಯಬೇಕು, ಇನ್ನೊಬ್ಬ ಆರಿಸಿಕೊಳ್ಳಬೇಕು, ಚಾಕು ಅಮ್ಮನ ಕೈಯಲ್ಲಿ ಎಂಬ ಕಾನೂನು ಬಂದ ಮೇಲೆ ನಮ್ಮ ದೊಡ್ಡವ ಹಾಪುಸ್ ಹಣ್ಣಿಗೆ ಕಂಪಾಸ್ ಪೆಟ್ಟಿಗೆಯ ಸ್ಕೇಲು ಹಿಡಿದು, ಒಂದು ಕಣ್ಣು ಮುಚ್ಚಿ, ಉಗುರಿನಿಂದ ಗೆರೆ ಹಾಕುತ್ತಾನೆ. ಸಣ್ಣವ ಎರಡೂ ಹೋಳುಗಳನ್ನು ಎರಡು ಅಂಗೈಯಲ್ಲಿಟ್ಟು ತೂಗಿ, ಮೂಸಿ, ಕಡೆಗೆ ಅಣ್ಣನ ಮುಖ ನೋಡಿ, ಅಣ್ಣನಿಗೆ ಯಾವುದು ಬೇಕೆಂದು ಕಾಣುತ್ತದೋ ಅದನ್ನೇ ಎತ್ತಿಕೊಳ್ಳುತ್ತಾನೆ. ಉಳಿಯುವುದು ಗೊರಟು. "ಜಗಳ ಬೇಡ ಮಕ್ಕಳೇ, ಇಲ್ಲಿ ಕೊಡಿ" ಎಂದು ಅತ್ತೆ ಅದನ್ನು ತೆಗೆದುಕೊಂಡು ನಿಧಾನಕ್ಕೆ, ಬಿಳಿ ನಾರು ಕಾಣುವವರೆಗೆ ಚೀಪುತ್ತಾರೆ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಮಂಗನ ಕಥೆಯನ್ನು ಈ ಮಕ್ಕಳಿಗೆ ಹೇಳಿಕೊಟ್ಟವರೂ ಅವರೇ.

ಹಾಪುಸ್ ಎಂದೆ. 2018ರಲ್ಲಿ ರತ್ನಾಗಿರಿ, ಸಿಂಧುದುರ್ಗ ಮತ್ತು ಸುತ್ತಮುತ್ತಲಿನ ಹಾಪುಸಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಕರ್ನಾಟಕದ ಹಣ್ಣು ರತ್ನಾಗಿರಿಯ ಹೆಸರಿನಲ್ಲಿ ಹುಲ್ಲಿನ ಮೇಲೆ ಮಲಗಿ ಮಾರಾಟವಾಗುತ್ತದೆ ಎಂಬ ದೂರು ಇಲ್ಲಿ ನಿಂತಿಲ್ಲ. ನಮ್ಮ ಭಾಂಡುಪ್ ಸ್ಟೇಷನ್ನಿನ ಹೊರಗೆ ಕೂರುವ ಹಣ್ಣಿನವ ದೇವಗಡದ ಮೇಲೆ ಆಣೆ ಹಾಕುತ್ತಾನೆ. ಮುಂಬೈಗೆ ಬಂದು ಹೆಸರು ಬದಲಿಸಿಕೊಂಡು ಚೆನ್ನಾಗಿ ಬದುಕಿದ ಊರಿನವರನ್ನು ಬೇಕಾದಷ್ಟು ಕಂಡ ನನಗೆ ಆ ಹಣ್ಣಿನ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಡಜನ್ ಲೆಕ್ಕದ ಮೇಲೆ. ಹನ್ನೆರಡನ್ನು ಎರಡರಿಂದ ಭಾಗಿಸಬಹುದು ನಿಜ, ಆದರೆ ಹನ್ನೆರಡರಲ್ಲಿ ಒಂದು ಕೊಳೆತಿರುತ್ತದೆ.

ದೊಡ್ಡವನಿಗೆ ಹತ್ತು, ಸಣ್ಣವನಿಗೆ ಆರು. ಶಾಲೆ ಇರುವಾಗ ಈ ಮನೆ ಶಾಂತಿಯ ಬೀಡು. ಅದಕ್ಕೆ ಕಾರಣ ನನ್ನ ಪಾಲನೆ ಪೋಷಣೆಯಲ್ಲ, ಮುಂಬೈಯ ಜಾಗದ ಅಭಾವ. ಇಲ್ಲಿನ ಎಷ್ಟೋ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ದೊಡ್ಡವರಿಗೆ ಬೆಳಗಿನ ಪಾಳಿ, ಸಣ್ಣವರಿಗೆ ಮಧ್ಯಾಹ್ನದ್ದು. ದೊಡ್ಡವ ಬೆವರಿಳಿಸುತ್ತ ಗೇಟಿನೊಳಗೆ ಬರುವಾಗ ಸಣ್ಣವ ಪೌಡರ್ ಬಳಿದುಕೊಂಡು ಹೊರಗೆ ಹೋಗುತ್ತಿರುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗುವುದು ಸಂಜೆ ಆರರ ಮೇಲೆ, ಅದೂ ಹಸಿವು ಮತ್ತು ನಿದ್ದೆಯ ನಡುವಿನ ತೆಳು ಸಂದಿಯಲ್ಲಿ. ಏಪ್ರಿಲ್ ಕಳೆದು ರಜೆ ಸಿಕ್ಕಿತೋ, ಒಂದು ಬೆಡ್‌ರೂಮು, ಹಾಲು, ಅಡಿಗೆಮನೆಯ ಈ ಸಂಸ್ಥಾನಕ್ಕೆ ಇಬ್ಬರು ಯುವರಾಜರೂ ಒಟ್ಟಿಗೆ ಬಂದಿಳಿಯುತ್ತಾರೆ. ಜೂನ್ ಮಧ್ಯದವರೆಗೆ ನಾನು ಹೈಕೋರ್ಟು. ಸುಪ್ರೀಂ ಕೋರ್ಟು ರಾತ್ರಿ ಎಂಟೂಕಾಲರ ಲೋಕಲಿನಲ್ಲಿ ಬರುತ್ತದೆ. ಬಂದು, "ಅಮ್ಮ ಹೇಳಿದ ಹಾಗೆ ಕೇಳಿ" ಎಂದು ಕಡತವನ್ನು ನೋಡದೆಯೇ ಕೆಳಗಿನ ಕೋರ್ಟಿಗೆ ವಾಪಸು ಕಳಿಸುತ್ತದೆ.

ಮೊದಲ ವ್ಯಾಜ್ಯ ನೆಲದ್ದು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಅಂಗಿ ಕಳಚಿ ಹಾಲಿನ ಟೈಲ್ಸಿನ ಮೇಲೆ ಬೋರಲು ಬೀಳುತ್ತಾರೆ. ಮಲಗಿದ ಜಾಗ ಸ್ವಲ್ಪ ಹೊತ್ತಿಗೆ ಬಿಸಿಯಾಗುತ್ತದೆ, ಪಕ್ಕದ ಟೈಲಿಗೆ ಹೊರಳಬೇಕು. ಪಕ್ಕದ ಟೈಲು ಯಾರದ್ದು? ಸೀಮೆಸುಣ್ಣದಲ್ಲಿ ಗಡಿ ಬರೆದಾಯಿತು. ಫ್ಯಾನಿನ ನೇರ ಕೆಳಗಿನ ಟೈಲು ಒಂದು ದಿನ ಇವನಿಗೆ, ಒಂದು ದಿನ ಅವನಿಗೆ. ಇಷ್ಟಾದರೂ ಸಣ್ಣವನ ಕಾಲಿನ ಹೆಬ್ಬೆರಳು ಗಡಿ ದಾಟಿ ಅತಿಕ್ರಮಣ ಮಾಡಿರುತ್ತದೆ. ಚದರಡಿ ಲೆಕ್ಕದಲ್ಲಿ ಜೀವಮಾನದ ಸಂಬಳವನ್ನು ಬ್ಯಾಂಕಿಗೆ ಬರೆದುಕೊಡುವ ಊರಿನಲ್ಲಿ ಹುಟ್ಟಿದ ಮಕ್ಕಳು. ಹೆಬ್ಬೆರಳಿನ ಅಗಲವೂ ಅವರಿಗೆ ಕಾರ್ಪೆಟ್ ಏರಿಯಾ.

ಸೆಕೆ ಅಂದರೆ ಎಷ್ಟು ಮಹಾ ಎಂದು ಕೇಳಬಹುದು. ಕೊಲಾಬಾ ಮತ್ತು ಸಾಂತಾಕ್ರೂಜ್ ಎರಡು ಕಡೆ ಹವಾಮಾನದವರು ಅಳೆಯುತ್ತಾರೆ. ಮೇ ತಿಂಗಳಲ್ಲಿ ಮೂವತ್ಮೂರೋ ಮೂವತ್ನಾಲ್ಕೋ ತೋರಿಸುತ್ತದೆ. ಎದುರು ಫ್ಲ್ಯಾಟಿನವರು ಕಲಬುರಗಿ ಕಡೆಯವರು. "ಮೂವತ್ನಾಕಕ್ಕ ಇಷ್ಟ್ ಒದ್ದಾಡ್ತೀರೇನ್ರೀ ಅಕ್ಕಾರ? ನಮ್ ಕಡಿ ರಾತ್ರಿ ಹತ್ತಕ್ಕೂ ಅಷ್ಟ್ ಇರ್ತದ" ಎಂದು ನಕ್ಕಿದ್ದರು, ಬಂದ ವರ್ಷ. ಎರಡನೇ ವರ್ಷ ಅವರೂ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, "ಅಲ್ಲಿ ಸುಡ್ತದ, ಇಲ್ಲಿ ಕುದಿಸ್ತದ" ಎಂದರು. ಸಮುದ್ರದ ಪಕ್ಕದ ಊರಿಗೆ 37 ಡಿಗ್ರಿ ಮುಟ್ಟಿದರೇ ಬಿಸಿಗಾಳಿಯ ಮಾತೆತ್ತುವ ಹವಾಮಾನ ಇಲಾಖೆ ಬಯಲುಸೀಮೆಗೆ 40 ಎನ್ನುತ್ತದೆ. ಆ ಮೂರು ಡಿಗ್ರಿಯ ರಿಯಾಯಿತಿ ಬೆವರಿಗೆ ಸಲ್ಲುವ ಗೌರವ ಎಂದು ನನ್ನ ತಿಳುವಳಿಕೆ.

ಏಸಿ ಇದೆ, ಬೆಡ್‌ರೂಮಿನಲ್ಲಿ. ಅದು ರಾತ್ರಿ ಹತ್ತರ ನಂತರದ ದೇವರು. ಹಗಲು ಬಾಗಿಲು ತೆರೆಯುವಂತಿಲ್ಲ ಎಂಬುದು ಇವರ ಕಟ್ಟಪ್ಪಣೆ. ಅದನ್ನು ಮಕ್ಕಳು ಹೇಗೋ ಒಪ್ಪಿಕೊಂಡಿದ್ದರು, ನಾನು ಅವರನ್ನು ಬೈಖಳಾದ ರಾಣಿಬಾಗಿಗೆ ಕರೆದುಕೊಂಡು ಹೋಗುವವರೆಗೆ. 1860ರ ದಶಕದ ಹಳೆಯ ತೋಟ ಅದು. ಈಗಿನ ಹೆಸರು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. 2016ರಲ್ಲಿ ದಕ್ಷಿಣ ಕೊರಿಯಾದ ಸಿಯೋಲಿನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳನ್ನು ಇಲ್ಲಿಗೆ ತಂದರು. ಅವುಗಳ ಸಂಸಾರ ಈಗ ಬೆಳೆದಿದೆ. ಗಾಜಿನ ಆಚೆ ಹದಿನಾರು ಹದಿನೆಂಟು ಡಿಗ್ರಿ ತಂಪಿನಲ್ಲಿ ಅವು ಕರಿಕೋಟು ತೊಟ್ಟು ಓಡಾಡುತ್ತಿದ್ದರೆ, ಈಚೆ ಬೆವರಿನ ಅಂಗಿ ತೊಟ್ಟ ಮುಂಬೈಯ ಮಕ್ಕಳು ಮೂಗನ್ನು ಗಾಜಿಗೆ ಒತ್ತಿ ನಿಂತಿದ್ದವು. ಸಾಲು ಮುಂದೆ ಸರಿಯಲೇ ಇಲ್ಲ. ತಂಪಾದ ಜಾಗ ಬಿಟ್ಟು ಯಾರು ಹೊರಡುತ್ತಾರೆ?

"ಅಮ್ಮ, ಇವಕ್ಕೆ ಹಗಲೂ ಏಸಿ ಹಾಕ್ತಾರಾ?" ಸಣ್ಣವ ಕೇಳಿದ.

"ಹೌದು ಮಗಾ, ಅವು ಚಳಿದೇಶದವು."

"ನಾನೂ ಏಸಿ ಆಸ್ಪತ್ರೆಯಲ್ಲೇ ಹುಟ್ಟಿದ್ದಲ್ವಾ?"

ಸುಪ್ರೀಂ ಕೋರ್ಟಿಗೆ ಈ ವಾದ ಅದೇ ರಾತ್ರಿ ಸಲ್ಲಿಕೆಯಾಯಿತು. ಕರೆಂಟು ಬಿಲ್ಲನ್ನು ಸಾಕ್ಷ್ಯವಾಗಿ ಹಾಜರುಪಡಿಸಿ ವಜಾ ಮಾಡಲಾಯಿತು.

ನೀರಿನದ್ದು ಇನ್ನೊಂದು ಪ್ರಕರಣ. ಈ ನಗರಕ್ಕೆ ನೀರು ಕೊಡುವುದು ಏಳು ಕೆರೆಗಳು: ಭಾತ್ಸಾ, ತಾನ್ಸಾ, ಮೋಡಕ್ ಸಾಗರ, ಮೇಲಿನ ವೈತರಣ, ಮಧ್ಯ ವೈತರಣ, ವಿಹಾರ, ತುಳಸಿ. ಮೇ ಬಂತೆಂದರೆ ಪತ್ರಿಕೆಯಲ್ಲಿ ಏಳರ ಮಟ್ಟವೂ ಶೇಕಡಾ ಲೆಕ್ಕದಲ್ಲಿ ಬರುತ್ತದೆ. ದೊಡ್ಡವ ಅದನ್ನು ಐಪಿಎಲ್ ಪಟ್ಟಿಯ ಪಕ್ಕದಲ್ಲಿಟ್ಟು ಓದುತ್ತಾನೆ. 2024ರಲ್ಲಿ ಮಹಾನಗರ ಪಾಲಿಕೆ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ನೀರು ಕಡಿತ ಮಾಡಿತು. ದೊಡ್ಡವರೆಲ್ಲ ಗೊಣಗಿ ಬಕೆಟ್ ತುಂಬಿಸಿಟ್ಟರು. ಇವನು ಮಾತ್ರ ಬಚ್ಚಲ ಬಾಗಿಲಲ್ಲಿ ನಿಂತು ತಮ್ಮನ ಸ್ನಾನಕ್ಕೆ ಇಪ್ಪತ್ತು ಚೊಂಬು ಹಿಡಿಯುತ್ತದೆಂದು ಅಳೆದು, ಎರಡು ಚೊಂಬು ನೀರನ್ನು ಪಾಲಿಕೆಯ ಪರವಾಗಿ ಮುಟ್ಟುಗೋಲು ಹಾಕಿಕೊಂಡ. ಸಾಬೂನು ಮೆತ್ತಿದ ಮುಖದಲ್ಲಿ ಸಣ್ಣವ ಅಂದು ಹಾಕಿದ ಕೂಗಿಗೆ ಮೂರನೇ ಮಾಳಿಗೆಯ ಮಾವುಶಿ ಕೆಳಗಿಳಿದು ಬಂದಿದ್ದರು.

ರಜೆಯಲ್ಲಿ ನಮ್ಮ ಬಿಲ್ಡಿಂಗಿನ ಮಕ್ಕಳೆಲ್ಲ ಗಾಂವಿಗೆ ಹೋಗಿಬಿಡುತ್ತವೆ. ಕೊಂಕಣದವು ಕೊಂಕಣಕ್ಕೆ, ಉತ್ತರ ಪ್ರದೇಶದವು ಅಲ್ಲಿಗೆ, ಕೇರಳದವು ಕೇರಳಕ್ಕೆ. ಟಿಕೆಟು ಸಿಗದೆ ಉಳಿದ ಈ ಇಬ್ಬರೇ ಎರಡು ಟೀಮು. ಒಬ್ಬ ಬೌಲಿಂಗ್ ಮಾಡುತ್ತ ಅಂಪೈರೂ ಆಗಿರುವುದರಿಂದ ಔಟಾಗದ ಚೆಂಡೇ ಇಲ್ಲ. ಒಂದು ಟಪ್ಪಾ ಹಿಡಿದರೂ ಔಟು, ಮೊದಲನೇ ಮಾಳಿಗೆಯ ಬಾಲ್ಕನಿಗೆ ಬಿದ್ದರೂ ಔಟು, ಕಾರಿಗೆ ತಾಗಿದರೆ ಇಬ್ಬರೂ ಓಟ.

ಅತ್ತೆ ಇಬ್ಬರಿಗೂ ಕೆಲಸ ಕೊಟ್ಟರು. ಸಾಬೂದಾನಿ ಸಂಡಿಗೆ ಹಾಕುವ ಕಾಲ. ವಾಚ್‌ಮನ್ನನ ಕೈಕಾಲು ಹಿಡಿದು ತಾರಸಿಯ ಬೀಗ ತೆಗೆಸಿ, ಹಳೆಯ ಪಂಚೆ ಹಾಸಿ, ಅಲ್ಲಿ ಸಂಡಿಗೆ ಇಟ್ಟು, ಪಾರಿವಾಳ ಓಡಿಸಲು ಇಬ್ಬರನ್ನೂ ಕೋಲು ಕೊಟ್ಟು ನಿಲ್ಲಿಸಿದರು. ಕೂಲಿ: ಸಂಜೆ ತಲಾ ಒಂದು ಬರ್ಫದ ಗೋಲಾ. ನೀರಿನ ಟ್ಯಾಂಕಿನ ಎಡಗಡೆಯ ಪಾರಿವಾಳ ಅಣ್ಣನದ್ದು, ಬಲಗಡೆಯದ್ದು ತಮ್ಮನದ್ದು ಎಂದು ಆಕಾಶವನ್ನೂ ಪಾಲು ಮಾಡಿಕೊಂಡರು. ಎಡದಿಂದ ಹಾರಿ ಬಲಕ್ಕೆ ಬಂದು ಕೂತ ಪಾರಿವಾಳವನ್ನು ಯಾರು ಓಡಿಸಬೇಕೆಂಬ ಚರ್ಚೆ ನಡೆಯುತ್ತಿರುವಾಗ ಅದು ಆರಾಮಾಗಿ ತಿಂದು ಹೋಯಿತು. ಆದರೆ ಪಂಚೆಯ ನಡುವೆ ಅಷ್ಟಗಲ ಖಾಲಿ ಬಿದ್ದದ್ದು ಪಾರಿವಾಳದಿಂದಲ್ಲ ಎಂದು ಅತ್ತೆಗೆ ನೋಡಿದ ಕೂಡಲೇ ಗೊತ್ತಾಯಿತು. ಮೇಲೆ ಒಣಗಿ ಒಳಗೆ ಮೆತ್ತಗಿರುವ ಸಂಡಿಗೆಯ ರುಚಿ ಅವರಿಗೇನು ಹೊಸದೇ? ಇಬ್ಬರ ಹೊಟ್ಟೆಯನ್ನೂ ಮುಟ್ಟಿ ನೋಡಿ, "ಇದೊಂದನ್ನು ಮಾತ್ರ ಸಮ ಪಾಲು ಮಾಡಿದ್ದೀರಿ" ಎಂದು ಗೋಲಾಕ್ಕೆ ದುಡ್ಡು ಕೊಟ್ಟರು. ಕಾಲಾ ಖಟ್ಟಾ ಗೋಲಾ ತಿಂದು ಬಂದ ಇಬ್ಬರೂ ಕನ್ನಡಿಯ ಮುಂದೆ ನಾಲಗೆ ಚಾಚಿ, ಯಾರದ್ದು ಹೆಚ್ಚು ನೇರಳೆ ಎಂದು ನನ್ನನ್ನು ಕರೆದರು.

"ಎಲ್ಲದಕ್ಕೂ ಪಾಲು, ಪಾಲು! ಮುಂದೆ ಈ ಫ್ಲ್ಯಾಟಿಗೆ ಏನು ಗತಿಯೋ" ಎಂದೆ ಒಂದು ರಾತ್ರಿ ಇವರ ಹತ್ತಿರ. ತುಳುನಾಡಿನ ಹಳೆಯ ಅಳಿಯಕಟ್ಟಿನಲ್ಲಿ ಅಪ್ಪನ ಆಸ್ತಿ ಮಕ್ಕಳಿಗೆ ಬರುತ್ತಿರಲಿಲ್ಲ, ಅಪ್ಪನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಭೂತಾಳ ಪಾಂಡ್ಯ ಮಾಡಿದ ಕಟ್ಟು ಎಂದು ಐತಿಹ್ಯ. ಇವರು ಏಸಿಯ ರಿಮೋಟನ್ನು ದಿಂಬಿನಡಿಗೆ ತಳ್ಳುತ್ತ, "ಪಾಂಡ್ಯನ ಅರಮನೆಯಲ್ಲೂ ಬೇಸಿಗೆ ರಜೆ ಇತ್ತು ಅಂತ ಕಾಣ್ತದೆ" ಎಂದು ಮಗ್ಗುಲಾದರು.

ಊರಿಗೆ ಟಿಕೆಟು ಸಿಗುವುದು ಸುಲಭವಲ್ಲ. ಮೊದಲು 120 ದಿನ ಮುಂಚೆ ಕಾದಿರಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನ. ಬೆಳಗ್ಗೆ ಎಂಟಕ್ಕೆ ಕಿಂಡಿ ತೆರೆಯುತ್ತದೆ. ಮುಂಬೈಯಲ್ಲಿರುವ ಕರಾವಳಿಯವರೆಲ್ಲ ಆ ಹೊತ್ತಿಗೆ ದೇವರ ಕೋಣೆ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕೈಮುಗಿದಿರುತ್ತಾರೆ. ಮತ್ಸ್ಯಗಂಧ ಕಣ್ಣು ಮಿಟುಕಿಸುವುದರೊಳಗೆ ಭರ್ತಿ. 1998ರ ಮೇ 1ರಂದು ಕೊಂಕಣ ರೈಲನ್ನು ದೇಶಕ್ಕೆ ಅರ್ಪಿಸುವವರೆಗೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಮಾಡುತ್ತ ಊರು ಸೇರುತ್ತಿದ್ದ ಅತ್ತೆ, "ಈಗೇನು ಮಾರಾಯ್ತಿ, ವೇಯ್ಟಿಂಗ್ ಆದರೂ ಸಿಗ್ತದಲ್ಲ" ಎಂದು ಸಮಾಧಾನ ಹೇಳಿದರು. ನೇತ್ರಾವತಿಯಲ್ಲಿ ನಾಲ್ಕು ವೇಯ್ಟಿಂಗ್ ಸಿಕ್ಕಿತು. ಚಾರ್ಟು ಬಂದಾಗ ಅತ್ತೆಗೂ ನನಗೂ ಬರ್ತು, ಮಕ್ಕಳಿಬ್ಬರಿಗೂ ಆರ್‌ಏಸಿ.

ಬಲ್ಲವರಿಗೆ ಗೊತ್ತು: ಆರ್‌ಏಸಿ ಎಂದರೆ ಪಕ್ಕದ ಕೆಳ ಬರ್ತನ್ನು ನಡುವೆ ಮಡಚಿ ಎರಡು ಕುರ್ಚಿ ಮಾಡಿ, ಇಬ್ಬರನ್ನು ಎದುರುಬದುರು ಕೂರಿಸುವುದು. ರೈಲ್ವೆಯವರೇ ಮುದ್ರೆ ಒತ್ತಿ ಕೊಟ್ಟ ಸಮಪಾಲು, ತಲೆಗೊಂದು ಕಿಟಕಿ! ನಾನು ಕುರ್ಲಾ ಟರ್ಮಿನಸ್ಸಿನಲ್ಲೇ ಒಂದು ಕಾದಂಬರಿ ಕೊಂಡೆ. ಠಾಣೆ ದಾಟುವ ಮೊದಲೇ ಸಣ್ಣವನ ತುಟಿ ನಡುಗಿತು.

"ಅಣ್ಣ ಮುಂದಕ್ಕೆ ಹೋಗ್ತಿದ್ದಾನೆ. ನಾನು ಹಿಂದಕ್ಕೆ ಹೋಗ್ತಿದ್ದೇನೆ."

ಪ್ರತಿ ಸ್ಟೇಷನ್ನಿಗೆ ಜಾಗ ಬದಲು ಎಂದು ತೀರ್ಪು ಕೊಟ್ಟೆ. ಆದರೆ ಕೊಂಕಣ ರೈಲು ಬಹುಪಾಲು ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಹೆಸರೇ ಕೇಳದ ಜಾಗದಲ್ಲಿ ನಿಲ್ಲುತ್ತದೆ. ಅದು ಸ್ಟೇಷನ್ನೇ ಅಲ್ಲವೇ? ಫಲಕ ಇದೆ ಎಂದು ಒಬ್ಬ, ಯಾರೂ ಇಳಿಯಲಿಲ್ಲ ಎಂದು ಇನ್ನೊಬ್ಬ. ಕಾದಂಬರಿ ಮೂರನೇ ಪುಟದಲ್ಲೇ ಇತ್ತು. ಮೇಲಿನ ಬರ್ತಿನಲ್ಲಿ ಮಲಗಿದ್ದ ಕುಂದಾಪುರ ಕಡೆಯ ಹಿರಿಯರೊಬ್ಬರು ತಲೆ ಕೆಳಗಿಳಿಸಿದರು. "ಹ್ವಾಯ್ ಮಾಣಿ, ನೀ ಯಾಕ್ ಮರ್ಕುದ್? ಎಂಜಿನಿಗೆ ಹತ್ರ ಕೂತದ್ ನೀನೇ. ನಿನ್ ಅಣ್ಣನಕಿಂತ ಎರಡ್ ಮೊಳ ಮುಂದೆ ಇದ್ದೆ. ಊರಿಗೆ ಮೊದಲ್ ಮುಟ್ಟುದೂ ನೀನೇ."

ಸಣ್ಣವ ಮೂಗೊರೆಸಿಕೊಂಡು ಎಂಜಿನಿನ ದಿಕ್ಕು ನೋಡಿದ, ಅಣ್ಣನನ್ನು ನೋಡಿದ, ಬೆನ್ನು ನೆಟ್ಟಗೆ ಮಾಡಿ ಕೂತ. ರತ್ನಾಗಿರಿಗೆ ಮೊದಲು ಸಿಗುವ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ. ಅಷ್ಟು ದೂರ ಎರಡು ಕಿಟಕಿಗೂ ಒಂದೇ ಅಳತೆಯ ಕತ್ತಲೆ, ಅತ್ತೆಗೆ ಒಂದು ಸಣ್ಣ ನಿದ್ದೆ. ಸುರಂಗ ಮುಗಿದು ಸಂಜೆಯ ಬಿಸಿಲು ಮೊದಲು ಸಣ್ಣವನ ಮೊಣಕಾಲ ಮೇಲೆ ಬಿತ್ತು, ಆಮೇಲೆ ದೊಡ್ಡವನ ಮೇಲೆ.

"ನಂಗೇ ಫಸ್ಟು!" ಎಂದು ಸಣ್ಣವ ಕೂಗಿದ.

"ಚೀಟಿಂಗ್!" ದೊಡ್ಡವ ಎದ್ದು ನಿಂತ. "ಅಮ್ಮಾ, ಈಗಲೇ ಸೀಟು ಬದಲಿಸು."