ದೊಡ್ಡಪ್ಪನ ಮೈನಸ್ ಒಂದು

ಸೊರಬದ ಕಡೆ ಮನುಷ್ಯನ ಸಾಲದ ಯೋಗ್ಯತೆ ಅಳೆಯಲು ಬಹಳ ಕಾಲ ಯಾವ ಯಂತ್ರವೂ ಬೇಕಿರಲಿಲ್ಲ. ಅಡಿಕೆ ಮಂಡಿಯ ಸಾಹುಕಾರರು ಕೂತಲ್ಲಿಂದಲೇ ಕನ್ನಡಕದ ಮೇಲಿನಿಂದ ನೋಡಿ, "ನೀವು ಇಂಥವರ ಮೊಮ್ಮಗ ಅಲ್ವ?" ಅಂದರೆ ಮುಗಿಯಿತು. ಅಜ್ಜ ಬಾಕಿ ತೀರಿಸಿ ಸತ್ತಿದ್ದರೆ ಮೊಮ್ಮಗನಿಗೆ ಮುಂಗಡ ಮತ್ತು ಕಾಫಿ. ಇಲ್ಲವಾದರೆ ಬರೀ ಕಾಫಿ.

ಈಗ ಆ ಕನ್ನಡಕ ಮುಂಬೈಗೆ ಹೋಗಿದೆ. 2000ದಲ್ಲಿ ಹುಟ್ಟಿದ ಸಿಬಿಲ್ ಎಂಬ ಸಂಸ್ಥೆ ಮುನ್ನೂರರಿಂದ ಒಂಬೈನೂರರವರೆಗೆ ಅಂಕ ಕೊಡುತ್ತದೆ. ಇಂಥವೇ ಇನ್ನೂ ಮೂರಿವೆ. ಯಾರಿಗೂ ನಮ್ಮ ಅಜ್ಜ ಗೊತ್ತಿಲ್ಲ, ಪ್ಯಾನ್ ನಂಬರ್ ಗೊತ್ತು.

ನಮ್ಮ ದೊಡ್ಡಪ್ಪ "ಒಬ್ಬರ ಹತ್ತಿರ ಹತ್ತು ರೂಪಾಯಿ ಕೈಗಡ ತಂದವನಲ್ಲ" ಎಂದು ಮದುವೆ, ತಿಥಿ ಎನ್ನದೆ ಎಲ್ಲ ಪಂಕ್ತಿಯಲ್ಲೂ ಹೇಳಿಕೊಂಡವರು. ಅರವತ್ತಾಗುವುದರೊಳಗೆ ಸ್ವಂತ ಕಾರಿನಲ್ಲಿ ಚಂದ್ರಗುತ್ತಿ ರೇಣುಕಾಂಬೆಯ ಬೆಟ್ಟದ ಬುಡಕ್ಕೆ ಇಳಿಯಬೇಕೆಂದು ಆಸೆ ಹುಟ್ಟಿ, ಸಾಲಕ್ಕೆ ಒಂದು ಬ್ಯಾಂಕಿಗೆ ಹೋದರು. ಪರದೆ ನೋಡಿದ ಹುಡುಗ ಸಂಕೋಚದಿಂದ, "ಸರ್, ಮೈನಸ್ ಒಂದು ತೋರಿಸ್ತಿದೆ" ಅಂದ.

"ನಮ್ಮ ಮನೆತನದಲ್ಲಿ ಫೇಲಾದವರಿದ್ದಾರೆ. ಸೊನ್ನೆಗಿಂತ ಕೆಳಗೆ ಇಳಿದವರಿಲ್ಲ."

"ಫೇಲಲ್ಲ ಸರ್. ನೀವು ಪರೀಕ್ಷೆಗೇ ಕೂತಿಲ್ಲ."

ಸಾಲ ಮಾಡದ ತಪ್ಪಿಗೆ ಸಾಲ ಸಿಗಲಿಲ್ಲ. ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿಯನ್ನು ತಳ್ಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿರುವುದನ್ನು 2025ರಲ್ಲಿ ಸಂಸತ್ತಿನಲ್ಲೂ ನೆನಪಿಸಿದರು. ಆದರೆ ದಿಲ್ಲಿಯಲ್ಲಿ ನೆನಪಿಸಿದ್ದು ಮಳೆಗಾಲದಲ್ಲಿ ಸೊರಬದವರೆಗೆ ಬರಬೇಕಲ್ಲ!

ದೊಡ್ಡಪ್ಪನ ಮುಖ ನೋಡಲಾಗದೆ ನಾನು ಪಕ್ಕದ ತಾಲ್ಲೂಕನ್ನು ಸಮಾಧಾನಕ್ಕೆ ಕರೆದೆ. ಶಿಕಾರಿಪುರದ ಬಳ್ಳಿಗಾವಿಯ ಅಲ್ಲಮ ಏರಿದ್ದೇ ಶೂನ್ಯಸಿಂಹಾಸನ; ಅವನ ಅಂಕ ಎಷ್ಟಿದ್ದೀತು? ಉಡುತಡಿಯ ಅಕ್ಕ ಅರಮನೆಯನ್ನೇ ಬಿಟ್ಟು ಹೊರಟವಳು; ಅವಳ ಅರ್ಜಿ ವಿಳಾಸದ ದಾಖಲೆಯಲ್ಲೇ ಬಿದ್ದುಹೋಗುತ್ತಿತ್ತು. ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನೊಬ್ಬ ಬೇಕಾದರೆ ಜಾಮೀನು ಹಾಕುತ್ತಿದ್ದನೇನೋ.

ಜಾಮೀನು ಅಂದೊಡನೆ ಶಿಕಾರಿಪುರದ ನಮ್ಮ ಭಾವ ಬೆಚ್ಚುತ್ತಾರೆ. ಅವರು ಸಾಲದಲ್ಲಿ ಪಳಗಿದ ಕೈ. ಕಂತು ಒಂದು ದಿನ ತಡವಾದರೆ ಅನ್ನ ಸೇರದು. ಆದರೆ ಗೆಳೆಯನ ಟ್ರ್ಯಾಕ್ಟರ್ ಸಾಲಕ್ಕೆ, ಸುಮ್ಮನೆ ಒಂದು ಸಹಿ ಅಂತ, ಸಹಿ ಹಾಕಿದ್ದರು. ಗೆಳೆಯ ಶುಂಠಿ ಹಾಕಿದ, ಶುಂಠಿಯ ಬೆಲೆ ನೆಲಕ್ಕೆ ಬಿತ್ತು, ಕಂತು ನಿಂತಿತು. ಕುಸಿದದ್ದು ಭಾವನ ಅಂಕವೂ ಹೌದು, ಏಕೆಂದರೆ ಜಾಮೀನುದಾರನ ವರದಿಯಲ್ಲೂ ಆ ಸಾಲ ಕೂತಿರುತ್ತದೆ. ಗೆಳೆಯ ಕೊನೆಗೆ ಬ್ಯಾಂಕಿನೊಡನೆ ರಾಜಿ ಮಾಡಿಕೊಂಡು, ಅರ್ಧಕ್ಕೆ ಮುಗಿಸಿದೆ ಅಂತ ಊರಿಗೆಲ್ಲ ಪೇಡೆ ಹಂಚಿದ. ಪೂರ್ತಿ ತೀರಿಸಿದ ಸಾಲ ಬೇರೆ, ರಾಜಿಯಾದ ಸಾಲ ಬೇರೆ, ರಾಜಿಯ ಕಲೆ ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಅಂತ ಆ ಪೇಡೆ ತಿಂದವರಿಗೆ ಯಾರು ಹೇಳಬೇಕು? ಅದೇ ವರ್ಷ ಮಹಾರಾಷ್ಟ್ರದ ಮೂರ್ತಿಜಾಪುರದಲ್ಲಿ ಹುಡುಗನ ಸಿಬಿಲ್ ನೋಡಿ ಸಂಬಂಧ ಮುರಿದರಂತೆ ಎಂಬ ಸುದ್ದಿ ಪೇಪರಿನಲ್ಲಿ ಬಂದಾಗ, ಮಗನಿಗೆ ಹೆಣ್ಣು ಹುಡುಕುತ್ತಿದ್ದ ಭಾವ ನೇರ ಹುಚ್ಚರಾಯಸ್ವಾಮಿಯ ಗುಡಿಗೆ ನಡೆದರು.

ದೊಡ್ಡಪ್ಪನಿಗೆ ದಾರಿ ತೋರಿಸಿದ್ದೂ ಭಾವನೇ. ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವುದು, ಮಿತಿಯ ಮೂರರಲ್ಲೊಂದು ಪಾಲು ದಾಟದಂತೆ ಬಳಸುವುದು, ಬಿಲ್ಲು ಪೂರ್ತಿ ಕಟ್ಟುವುದು, ಸಿಕ್ಕಸಿಕ್ಕ ಕಡೆ ಸಾಲದ ಅರ್ಜಿ ಹಾಕದಿರುವುದು. ತನ್ನದೇ ದುಡ್ಡು ಅಡವಿಟ್ಟು ತನಗೇ ಸಾಲ! ದೊಡ್ಡಪ್ಪನಿಗೆ ಇದನ್ನು ಅರಗಿಸಿಕೊಳ್ಳಲು ಒಂದು ಕೊಯ್ಲು ಹಿಡಿಯಿತು. ಆಮೇಲೆ ಶಿರಾಳಕೊಪ್ಪದ ಸಂತೆಗೆ ಹೋಗುವ ದಾರಿಯಲ್ಲಿ ಕಾರ್ಡ್ ಉಜ್ಜಿ ಬೈಕಿಗೆ ಪೆಟ್ರೋಲು ಹಾಕಿಸಿ, ರಾತ್ರಿಯೇ ಬಿಲ್ಲು ಕಟ್ಟಲು ಕೂರುತ್ತಿದ್ದರು. ಬಿಲ್ಲೇ ಇನ್ನೂ ಬಂದಿಲ್ಲ ಅಂದರೆ, "ಅವರು ಮರೆತರೆ?"

ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ವರದಿಯನ್ನು ತೆಗೆಸಿದಾಗ ಅಂಕ ಏಳುನೂರೈವತ್ತು ದಾಟಿತ್ತು. ನಮ್ಮ ಅಂಕ ನಾವೇ ನೋಡಿದರೆ ಕಡಿಮೆಯಾಗುವುದಿಲ್ಲ ಎಂದರೂ ನಂಬದೆ, ಒಂದು ಕಣ್ಣು ಮುಚ್ಚಿಕೊಂಡೇ ನೋಡಿದರು.

ಅಲ್ಲಿಂದ ಫೋನುಗಳು ಶುರುವಾದವು. ಮೊನ್ನೆ ತೋಟದಲ್ಲಿದ್ದಾಗ ಬೆಂಗಳೂರಿನಿಂದ ಒಬ್ಬ ಹುಡುಗ, ಐದು ಲಕ್ಷ ತಗೊಳ್ಳಿ ಸರ್, ಈಗಲೇ ಖಾತೆಗೆ ಹಾಕ್ತೀನಿ ಎಂದು ಬೆನ್ನುಬಿದ್ದ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. ಬಾಯಲ್ಲಿದ್ದ ಕವಳ ಉಗಿದು, ಮೆಲ್ಲಗೆ ಕೇಳಿದರು:

"ಮನೇಲಿ ಏನಾದ್ರೂ ತೊಂದರೆಯೇನೋ ತಮ್ಮಾ? ಕೊಯ್ಲು ಮುಗೀಲಿ, ನಾನೇ ಒಂದಿಷ್ಟು ಕಳಿಸ್ತೀನಿ. ನಿಮ್ಮಜ್ಜನ ಹೆಸರು ಏನು ಅಂದೆ?"