ಫೋನ್ ಬಿಲ್ಲು ಹೇಗೆ ಕಟ್ಟುತ್ತೀರಿ, ಸ್ವಾಮೀ?

ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುತ್ತಾರೆ, ಸೈಟು ಇದೆಯಾ ಅಂತ ಕೇಳುತ್ತಾರೆ, ಗೋತ್ರ, ನಕ್ಷತ್ರ ಎಲ್ಲ ಆದ ಮೇಲೆ ಬೆಳ್ಳುಳ್ಳಿ ತಿಂತಾನಾ ಅಂತಲೂ ಮೆಲ್ಲಗೆ ಕೇಳುತ್ತಾರೆ. ಮೊಬೈಲ್ ಬಿಲ್ಲು ಹೇಗೆ ಕಟ್ಟುತ್ತಾನೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು ಸ್ವಾಮೀ. ಬಿಲ್ಲು ಬಂದ ದಿನವೇ ಕಟ್ಟುವವನು ಒಬ್ಬ. ಕೊನೇ ದಿನ ರಾತ್ರಿ ಹನ್ನೊಂದೂಮುಕ್ಕಾಲಿಗೆ ಕಟ್ಟುವವನು ಇನ್ನೊಬ್ಬ. ಔಟ್‌ಗೋಯಿಂಗ್ ಬಂದ್ ಆದ ಮೇಲೆ, "ನಿನ್ನ ಫೋನ್ ಸ್ವಲ್ಪ ಕೊಡೇ" ಎಂದು ಹೆಂಡತಿಯ ಮುಂದೆ ಕೈ ಚಾಚುವವನು ಮತ್ತೊಬ್ಬ. ಈ ಮೂವರ ಜೊತೆ ಸಂಸಾರ ಒಂದೇ ಥರ ಇರುತ್ತದೆ ಅಂತೀರಾ?

ನಮ್ಮ ಚಿಕ್ಕಪ್ಪನವರದು ಇದ್ಯಾವುದಕ್ಕೂ ಸೇರದ ಕುಲ. ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರ ಹಜಾರದ ಗೋಡೆಯಲ್ಲೊಂದು ಮೊಳೆ, ಮೊಳೆಗೊಂದು ಬಾಗಿದ ತಂತಿ, ತಂತಿಯ ತಳಕ್ಕೊಂದು ಮರದ ಬಿಲ್ಲೆ. ಕಟ್ಟಿದ ಬಿಲ್ಲೆಲ್ಲ ಹೊಟ್ಟೆಗೆ ತೂತು ಮಾಡಿಸಿಕೊಂಡು ಆ ತಂತಿಯಲ್ಲಿ ಕೂತಿವೆ. ತಳದಲ್ಲಿ ಕೆಇಬಿ ಕಾಲದ ಕರೆಂಟು ರಸೀದಿ, ಅದರ ಮೇಲೆ ಲ್ಯಾಂಡ್‌ಲೈನು, ಗ್ಯಾಸು, ಮತ್ತೆ ಮೊಬೈಲು. ಧೂಳು ಕೊಡವಿದರೆ ಒಂದು ಸಂಸಾರದ ಚರಿತ್ರೆಯೇ ಉದುರುತ್ತದೆ. ಚಿಕ್ಕಮ್ಮ ಕೊಡವಲು ಬಿಡುವುದಿಲ್ಲ, ಅದು ಬೇರೆ ಮಾತು.

ಚಿಕ್ಕಪ್ಪನ ವಾದ ಸರಳ: ಸೀಲು ಬಿದ್ದರೆ ಮಾತ್ರ ದುಡ್ಡು ಕಟ್ಟಿದ ಹಾಗೆ. ಅವರು ಮೊಬೈಲ್ ಕೊಂಡ ಕಾಲವೂ ದುಡ್ಡಿನ ಲೆಕ್ಕ ಬಿಗಿಯಾಗಿ ಇಡಬೇಕಾದ ಕಾಲವೇ ಅನ್ನಿ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಸಂಪರ್ಕ ಮಂತ್ರಿ ಸುಖ್ ರಾಮ್ ಅವರಿಗೆ ಮಾಡಿದ ಕರೆಯಿಂದ ಈ ದೇಶದ ಮೊಬೈಲ್ ಸಂಸಾರ ಶುರುವಾಯಿತಲ್ಲ, ಆಗೆಲ್ಲ ನಿಮಿಷಕ್ಕೆ ಹದಿನಾರು ರೂಪಾಯಿವರೆಗೂ ದರ ಇತ್ತು. ಮಾಡಿದವರಿಗೂ ಖರ್ಚು, ಎತ್ತಿದವರಿಗೂ ಖರ್ಚು. 2003ರಲ್ಲಿ ಒಳಬರುವ ಕರೆ ಉಚಿತವಾಗುವವರೆಗೆ ಚಿಕ್ಕಪ್ಪ ಫೋನ್ ರಿಂಗಾದರೆ ನಂಬರ್ ನೋಡಿ, ಕಟ್ ಮಾಡಿ, ಚಪ್ಪಲಿ ಮೆಟ್ಟಿ ಎಸ್‌ಟಿಡಿ ಬೂತಿಗೆ ಓಡುತ್ತಿದ್ದರು. ಮೊಬೈಲ್ ಜೇಬಿನಲ್ಲಿ, ಮಾತು ಬೂತಿನಲ್ಲಿ. ತಿಂಗಳ ಕೊನೆಗೆ ಪುಟಗಟ್ಟಲೆ ಬಿಲ್ಲು ಬಂದರೆ ಕೆಂಪು ಪೆನ್ನು ಹಿಡಿದು ಒಂದೊಂದು ಕರೆಯನ್ನೂ ತನಿಖೆ ಮಾಡುವರು. "ಮಂಗಳವಾರ ಸಾಯಂಕಾಲ ಏಳು ನಿಮಿಷ ನಿಮ್ಮಕ್ಕನ ಜೊತೆ ಏನು ಮಾತಾಡಿದೆ?" ಎಂದು ಚಿಕ್ಕಮ್ಮನ ಪಾಟೀಸವಾಲು. ಅದು ಮುಗಿದ ಮೇಲೆ ಚೆಕ್ ಬರೆದು, ಎರಡು ಗೀಟೆಳೆದು, ಬೆನ್ನ ಮೇಲೆ ಮೊಬೈಲ್ ನಂಬರ್ ಬರೆದು ಡ್ರಾಪ್ ಬಾಕ್ಸಿಗೆ ಹಾಕುವುದು. ಹಾಕಿದ ಮೇಲೆ ಡಬ್ಬವನ್ನು ಎರಡು ಸಲ ತಟ್ಟುವುದು. ಒಳಗೆ ಬಿತ್ತೋ ಇಲ್ಲವೋ ಯಾರಿಗೆ ಗೊತ್ತು!

2005ರಲ್ಲಿ ಬೆಂಗಳೂರು ಒನ್ ಬಂದಾಗ ಚಿಕ್ಕಪ್ಪನ ಸಂತೋಷ ನೋಡಬೇಕಿತ್ತು. ಕರೆಂಟು, ನೀರು, ಫೋನು ಎಲ್ಲ ಒಂದೇ ಸೂರಿನಡಿ. ಕ್ಯೂ ಇದೆ, ಕ್ಯೂನಲ್ಲಿ ಪೆನ್ಶನ್ ಮಿತ್ರರಿದ್ದಾರೆ, ಹೊರಗೆ ಬಂದರೆ ಬೈಟು ಕಾಫಿ. ಬಿಲ್ಲು ಕಟ್ಟುವುದು ಕೆಲಸವಾಗಿರಲಿಲ್ಲ, ಅರ್ಧ ದಿನದ ವಿಹಾರ.

ಇನ್ನು ನನ್ನ ಭಾವಮೈದ. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್. ಅವನದು ಆಟೋ ಪೇ. "ಭಾವ, ಬಿಲ್ ಅನ್ನೋದನ್ನ ನೋಡೇ ವರ್ಷಗಳಾಯ್ತು" ಎಂದು ಎದೆ ಉಬ್ಬಿಸುತ್ತಾನೆ. ಅಲ್ಲೇ ಇರುವುದು ಮಜಾ. ಹೀಗೆ ಕಣ್ಣು ಮುಚ್ಚಿ ಕೂರುವವರಿಗಾಗಿಯೇ ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಿಂದ ಬಿಗಿ ನಿಯಮ ತಂದಿದೆ: ಹೀಗೆ ತಾನಾಗಿ ದುಡ್ಡು ಕತ್ತರಿಸುವ 24 ಗಂಟೆ ಮೊದಲೇ ಗ್ರಾಹಕನಿಗೆ ತಿಳಿಸಬೇಕು, 5,000 ರೂಪಾಯಿ ಮೀರಿದರೆ ಓಟಿಪಿ ಕೇಳಬೇಕು. ಮಾರನೇ ವರ್ಷ ಆ ಮಿತಿ 15,000ಕ್ಕೆ ಏರಿತು. ತಿಳಿಸುವುದೇನೋ ತಿಳಿಸುತ್ತಾರೆ, ಓದುವ ನಿಯಮವನ್ನು ಯಾರು ತರಬೇಕು? ಭಾವಮೈದ ಆ ಮೆಸೇಜನ್ನು ಸೀರೆ ಸೇಲಿನ ಮೆಸೇಜುಗಳ ಜೊತೆಗೇ ಒರೆಸಿ ಹಾಕುತ್ತಾನೆ.

ಕಳೆದ ದಸರಾ ರಜೆಯಲ್ಲಿ ಮಳೆ ಹಿಡಿದು ಹೊರಗೆ ಹೋಗಲಾಗದೆ, ಮಾಡಲು ಬೇರೇನೂ ಕೆಲಸವಿಲ್ಲದೆ, ಅವನ ಬಿಲ್ಲನ್ನು ತೆರೆಸಿದೆ. ಪ್ಲಾನಿನ ಬಾಡಿಗೆ ಆಯಿತು, 18 ಪರ್ಸೆಂಟ್ ಜಿಎಸ್‌ಟಿ ಆಯಿತು, ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲು: ಕಾಲರ್ ಟ್ಯೂನ್.

"ಯಾವ ಹಾಡೋ ಇದು?"

"ನಂಗೇನು ಗೊತ್ತು ಭಾವ? ನಾನು ಯಾವತ್ತೂ ಕೇಳಿಲ್ಲ."

ಹೇಗೆ ಕೇಳುತ್ತಾನೆ ಪಾಪ! ಕಾಲರ್ ಟ್ಯೂನ್ ಕೇಳುವುದು ಫೋನ್ ಮಾಡಿದವರಿಗೆ. ಅವನು ತನಗೆ ತಾನೇ ಫೋನ್ ಮಾಡಿಕೊಳ್ಳುವ ಪೈಕಿಯಲ್ಲ. ಒಳಗಿನಿಂದ ಅವನ ಹೆಂಡತಿ, "ನಂಗೊತ್ತು, ಆ ಅಳೋ ಹಾಡು ತಾನೇ? ಫೋನ್ ಮಾಡಿದಾಗೆಲ್ಲ ಅದೇ. ನಿಮ್ಮ ಹಳೇ ನೋವೇನೋ ಅಂತ ಕೇಳೋಕೆ ಹೋಗಿರ್ಲಿಲ್ಲ" ಅಂದಳು. ಕೇಳದ ಹಾಡಿಗೆ ದುಡ್ಡು, ಇಲ್ಲದ ನೋವಿಗೆ ಸಂಶಯ, ಎರಡನ್ನೂ ತಿಂಗಳು ತಿಂಗಳು ತಪ್ಪದೆ ಕಟ್ಟಿದ ಕೀರ್ತಿ ಆಟೋ ಪೇಗೆ ಸಲ್ಲಬೇಕು. ಕೆಂಪು ಪೆನ್ನಿನ ಚಿಕ್ಕಪ್ಪನ ಮನೆಯಲ್ಲಾಗಿದ್ದರೆ ಆ ಹಾಡು ಮೊದಲ ಬಿಲ್ಲಿಗೇ ಸಿಕ್ಕಿಬೀಳುತ್ತಿತ್ತು.

ಬಿಲ್ಲಿನ ಸಹವಾಸವೇ ಬೇಡ, ಪ್ರೀಪೇಯ್ಡ್ ಇದೆ ಎನ್ನುವ ಜಾಣರು ಇದ್ದಾರೆ. ನಮ್ಮ ದೇಶದಲ್ಲಿ ಅವರೇ ಬಹುಸಂಖ್ಯಾತರು. ತಿಂಗಳಿಗೊಂದು ಸಲ ಕರೆನ್ಸಿ ಹಾಕಿಸಿದರೆ ಆಯಿತು ಎನ್ನುತ್ತಾರೆ. ಆದರೆ ಕಂಪನಿಯ ತಿಂಗಳಿಗೆ 28 ದಿನ! ವರ್ಷಕ್ಕೆ ಹದಿಮೂರು ಸಲ ರೀಚಾರ್ಜು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರಬೇಕಾದರೆ ಎರಡೂವರೆ ವರ್ಷ ದಾಟಬೇಕು. ಕಂಪನಿಯ ಪಂಚಾಂಗದಲ್ಲಿ ಪ್ರತಿ ವರ್ಷವೂ ಅಧಿಕ ಮಾಸ, ಅಪೂಪ ದಾನ ಹಿಡಿಯುವ ಅಳಿಯನೂ ಕಂಪನಿಯೇ. ಜನ ಗೊಣಗಿದರು, ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಕಿವಿಗೊಟ್ಟಿತು. 30 ದಿನದ ಪ್ಲಾನು ಒಂದಾದರೂ ಇರಬೇಕು, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವಂಥದ್ದೂ ಒಂದಿರಬೇಕು ಎಂದು 2022ರ ಜನವರಿಯಲ್ಲಿ ಆದೇಶವಾಯಿತು. ಪ್ಲಾನುಗಳು ಬಂದವು. ಆದರೆ ಅಂಗಡಿಗೆ ಹೋಗಿ "ಕರೆನ್ಸಿ ಹಾಕಪ್ಪಾ" ಅಂದರೆ ಅವನ ಬೆರಳು ರೂಢಿಯಂತೆ 28ರ ಮೇಲೇ ಹೋಗುತ್ತದೆ. ಕೇಳಿ ಹಾಕಿಸಿಕೊಳ್ಳುವವರು ಎಷ್ಟು ಮಂದಿ?

ಊರ ಕಡೆ ಇನ್ನೊಂದು ಸೊಗಸಿದೆ. ಗೂಡಂಗಡಿಯವನು ಕರೆನ್ಸಿ ಹಾಕುತ್ತಾನೆ, ಬೀಡಿ, ಬೆಂಕಿಪೊಟ್ಟಣದ ಲೆಕ್ಕದ ಕೆಳಗೆ ಅದನ್ನೂ ಬರೆದುಕೊಳ್ಳುತ್ತಾನೆ. ದುಡ್ಡು ಅಡಿಕೆ ಕೊಯ್ಲಾದ ಮೇಲೆ. ಅಲ್ಲಿಗೆ ಕಂಪನಿಯ ಕಡತದಲ್ಲಿ ಪ್ರೀಪೇಯ್ಡ್, ಅಂಗಡಿಯವನ ಪುಸ್ತಕದಲ್ಲಿ ಪೋಸ್ಟ್‌ಪೇಯ್ಡ್. ಲೇಟ್ ಫೀ ಇಲ್ಲ, ಎರಡು ಬೈಗುಳ ಅಷ್ಟೆ.

ಯುಪಿಐ ವಿಷಯ ಹೊಸದಾಗಿ ಹೇಳುವುದೇನಿದೆ? 2016ರಲ್ಲಿ ಬಂತು, ತೆಂಗಿನಕಾಯಿ ಮಾರುವವರಿಗೂ ಬಂತು. ಬಿಲ್ಲುಗಳಿಗೆಂದೇ ಭಾರತ್ ಬಿಲ್ ಪೇಮೆಂಟ್ ಅನ್ನುವ ವ್ಯವಸ್ಥೆ ಇದೆ, ಈಗ ಅದರ ಹೆಸರು ಭಾರತ್ ಕನೆಕ್ಟ್. ಯಾವ ಆಪ್‌ನಲ್ಲಾದರೂ ನಂಬರ್ ಒತ್ತಿ, ಕಂಪನಿ ಆರಿಸಿದರೆ ಬಾಕಿ ಎಷ್ಟೆಂದು ತಾನೇ ತೋರಿಸುತ್ತದೆ. ನಿಮ್ಮದೇ ನಂಬರ್ ಆಗಬೇಕೆಂದಿಲ್ಲ. ಪಕ್ಕದ ಮನೆಯವರ ಪೋಸ್ಟ್‌ಪೇಯ್ಡ್ ಬಾಕಿಯನ್ನು ನೀವು ಕಟ್ಟಬಹುದು. ಹಾಗೆ ಕಟ್ಟುವ ಪುಣ್ಯಾತ್ಮ ನಮ್ಮ ಬೀದಿಯಲ್ಲಿನ್ನೂ ಹುಟ್ಟಿಲ್ಲ, ಎಷ್ಟಿದೆ ಎಂದು ಇಣುಕಿ ನೋಡಿ ಸಾಯಂಕಾಲದ ವಾಕಿಂಗಿನಲ್ಲಿ ಪ್ರಸ್ತಾಪಿಸುವವರು ಇದ್ದಾರೆ. ಕೆಲವು ಆಪ್‌ಗಳು ನಡುವೆ ಒಂದೆರಡು ರೂಪಾಯಿ ತಮ್ಮ ಶುಲ್ಕವೆಂದು ಹಿಡಿದುಕೊಂಡು, ಬದಲಿಗೆ ಉಜ್ಜಲು ಒಂದು ಕಾರ್ಡು ಕೊಡುತ್ತವೆ. ಉಜ್ಜಿದರೆ ಯಾವುದೋ ಶಾಂಪೂವಿಗೆ ರಿಯಾಯಿತಿ. ಬೋಳುತಲೆಯವರಿಗೂ ಅದೇ. ಅಂದ ಹಾಗೆ, "ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಸಿಮ್ ಬಂದ್, ಈ ಲಿಂಕ್ ಒತ್ತಿ" ಎಂದು ಯಾರಾದರೂ ಮೆಸೇಜ್ ಕಳಿಸಿದರೆ ಒತ್ತಬೇಡಿ. ಕಂಪನಿಯವರು ನಮ್ಮ ಬಗ್ಗೆ ಅಷ್ಟು ಕಾಳಜಿಯಿಂದ ಯಾವತ್ತಾದರೂ ಮಾತಾಡಿದ್ದುಂಟೇ?

ಮತ್ತೆ ಚಿಕ್ಕಪ್ಪನ ವಿಷಯಕ್ಕೆ ಬರಬೇಕು, ಯಾಕೆಂದರೆ ಈಚೆಗೆ ಅವರು ಪ್ಲಾನು ಬದಲಾಯಿಸಿದರು. 499 ರೂಪಾಯಿ ಎಂದು ಬೋರ್ಡು. ಜಿಎಸ್‌ಟಿ ಸೇರಿ ಬಿಲ್ಲು 588 ರೂಪಾಯಿ 82 ಪೈಸೆ. ಕಂಪನಿಯ ಅಂಗಡಿಗೆ ಹೋಗಿ, ಟೋಕನ್ ಹಿಡಿದು ಕೂತು, ಸರದಿ ಬಂದಾಗ 589 ರೂಪಾಯಿ ಎಣಿಸಿ ಇಟ್ಟರು.

"ಆಯ್ತು ಸಾರ್, ಎಸ್ಸೆಮ್ಮೆಸ್ ಬರುತ್ತೆ" ಅಂದಳು ಕೌಂಟರಿನ ಹುಡುಗಿ.

"ಎಸ್ಸೆಮ್ಮೆಸ್ಸನ್ನ ತಂತಿಗೆ ಹೇಗೆ ಚುಚ್ಚಲಿ ತಾಯಿ? ರಸೀದಿ ಕೊಡು, ಸೀಲು ಹಾಕು. ಆಮೇಲೆ ಹದಿನೆಂಟು ಪೈಸೆ ಚಿಲ್ಲರೆ."

ಹುಡುಗಿ ಹುಟ್ಟಿದ ಮೇಲೆ ಪೈಸೆ ನೋಡಿದ್ದಾಳೋ ಇಲ್ಲವೋ. ನಾಲ್ಕಾಣೆಯನ್ನೇ ಸರ್ಕಾರ 2011ರಲ್ಲಿ ಚಲಾವಣೆಯಿಂದ ತೆಗೆದಿದೆ. "ಮುಂದಿನ ಬಿಲ್ಲಲ್ಲಿ ಜಮೆ ಆಗುತ್ತೆ ಸಾರ್" ಎಂದು ಕೈಮುಗಿದಳು. "ಬರೆದು ಕೊಡು" ಅಂದರು ಚಿಕ್ಕಪ್ಪ. ಬರೆಸಿಕೊಂಡೇ ಬಂದರು.

ಅದೇ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಅವರ ಮಗ ಮಲಗುವ ಮೊದಲು ಮೇಲ್ ನೋಡಿದ್ದಾನೆ. ಅಪ್ಪನ ಬಿಲ್ಲು! ಹೊರದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನ ಬಿಲ್ಲನ್ನು ಅಲ್ಲಿಂದಲೇ ಕಟ್ಟುವುದಕ್ಕೆ ರಿಸರ್ವ್ ಬ್ಯಾಂಕು 2022ರಲ್ಲೇ ದಾರಿ ಮಾಡಿದೆಯಲ್ಲ, ಅವನು 588.82 ಒತ್ತಿ, ಪಿತೃಋಣ ತೀರಿಸಿ, ಹೊದ್ದು ಮಲಗಿದ್ದಾನೆ.

ಮುಂದಿನ ತಿಂಗಳ ಬಿಲ್ಲು ಬಂದಾಗ ಚಿಕ್ಕಪ್ಪ ಕನ್ನಡಕ ಒರೆಸಿ ಒರೆಸಿ ನೋಡಿದರು. ಜಮೆ 589.00, ಈ ತಿಂಗಳ ಖರ್ಚು 588.82, ಕಟ್ಟಬೇಕಾದ ಮೊತ್ತ ಮೈನಸ್ 0.18. ಮಗನಿಗೆ ಫೋನ್ ಮಾಡಿ, "ನನ್ನ ಲೆಕ್ಕದಲ್ಲಿ ನೀನು ಕೈ ಹಾಕಬೇಡ ಕಣೋ" ಎಂದು ಗದರಿದರು. ಚಿಕ್ಕಮ್ಮ, "ಇವತ್ತು ಕಟ್ಟೋದೇನೂ ಇಲ್ವಲ್ಲ, ಮನೇಲಿರಿ" ಅಂದರೂ ಕೇಳದೆ ಶರ್ಟು ಹಾಕಿಕೊಂಡು, ಹಳೇ ರಸೀದಿಯನ್ನು ತಂತಿಯಿಂದ ಹುಷಾರಾಗಿ ಕಳಚಿಕೊಂಡು ಹೊರಟರು. ಟೋಕನ್ ಹಿಡಿದು ಕೂತು, ಸರದಿ ಬಂದಾಗ ಬಿಲ್ಲನ್ನು ಹುಡುಗಿಯ ಮುಂದೆ ಬಿಡಿಸಿಟ್ಟು ಕೇಳಿದರಂತೆ:

"ನಾನೊಂದು ದಿನ ತಡ ಮಾಡಿದ್ರೆ ದಂಡ ಹಾಕ್ತೀರಲ್ಲ ತಾಯಿ, ನೀವು ಕಟ್ಟೋದಕ್ಕೆ ಕೊನೇ ತಾರೀಕು ಯಾವತ್ತು?"